ಆರು ವಾರ ಬಚ್ಚಿಟ್ಟ ಚೀಟಿಗಳು

ಆ ಹೆಂಗಸನ್ನು ನಾಲ್ಕು ಮಂಗಳವಾರ ನೋಡಿಯೂ ನಾನು ನೋಡಿರಲಿಲ್ಲ. ವಾರಕ್ಕೊಮ್ಮೆ ಜೈಲಿನ ಮಹಿಳಾ ವಿಭಾಗದಲ್ಲಿ ಸುತ್ತು ಹಾಕಿ, ಮನಸ್ಸಿನ ಕಾಯಿಲೆಯ ಲಕ್ಷಣ ಕಂಡವರ ಪಟ್ಟಿ ಮಾಡಿ ನಮ್ಮ ಮಾನಸಿಕ ಆಸ್ಪತ್ರೆಯ ಮನೋವೈದ್ಯರಿಗೆ ಕೊಡುವುದು ಆ ತಿಂಗಳಷ್ಟೇ ನನಗೆ ವಹಿಸಿದ್ದ ಕೆಲಸ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಕೂಗಾಡುವವರು, ಬಟ್ಟೆ ಹರಿದುಕೊಳ್ಳುವವರು, ಗೋಡೆಗೆ ತಲೆ ಬಡಿದುಕೊಳ್ಳುವವರು ಸುಲಭವಾಗಿ ನನ್ನ ಪಟ್ಟಿಗೆ ಬರುತ್ತಿದ್ದರು. ಇವಳು ಕಿಟಕಿಯ ಕೆಳಗೆ ಕೂತು ಸೆರಗಿನಿಂದ ಎಳೆ ಬಿಡಿಸಿ ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ಜೈಲಿನ ವೈದ್ಯರು ಅವಳ ಹೆಸರಿನ ಮುಂದೆ ‘ಶಾಂತ, ಸಹಜ’ ಎಂದು ಬರೆದಿದ್ದರು. ಅದರ ಪಕ್ಕದಲ್ಲಿ ನಾನು ‘ತೊಂದರೆ ಇಲ್ಲ’ ಎಂದು ಬರೆದೆ. ನಾಲ್ಕು ಸಲ ಬರೆದೆ.

ಒಂದು ಸೋಮವಾರ ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ಅವಳ ಅಕ್ಕ ಬಂದು ನಿಂತಳು. ಪೀಣ್ಯದಿಂದ ಆಚೆ, ತುಮಕೂರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಹಳ್ಳಿಯವಳು. ರೋಗಿ ಎಲ್ಲಿ ಎಂದು ಕೇಳಿದೆ. ಜೈಲಿನಲ್ಲಿ ಎಂದಳು. ತಂಗಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ, ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸ. ಒಂದು ದಿನ, ಕಾಯಿಲನ್ನು ತಟ್ಟಿ ಕೂರಿಸುವ ಮರದ ಕೊಡತಿಯಿಂದ ಸೂಪರ್‌ವೈಸರನ ಮುಖಕ್ಕೆ ಹೊಡೆದಳು. ಅವನ ಕೆನ್ನೆಯ ಮೂಳೆ ಮುರಿಯಿತು. ಪೊಲೀಸರು ಕರೆದುಕೊಂಡು ಹೋಗಿ ಹನ್ನೊಂದು ತಿಂಗಳಾಗಿತ್ತು. ಜಾಮೀನು ಎಂಬುದೊಂದಿದೆ ಎಂದು ಮನೆಯವರಿಗೆ ಯಾರೂ ಹೇಳಿರಲಿಲ್ಲ.

“ಅದುಕ್ಕೂ ಮುಂಚೆ ಎಲ್ಡು ತಿಂಗ್ಳು ಔಳು ನೆಟ್ಟಗೆ ನಿದ್ದೆ ಮಾಡಿರ್ಲಿಲ್ಲ ಕಣವ್ವ,” ಎಂದಳು ಅಕ್ಕ. “ಮೋಟ್ರು ನನ್ ಜೊತೆ ಎಣಿಸ್ತದೆ ಅಂತಿದ್ಲು. ಇದು ಕಾಯ್ಲೆ ಅಲ್ವಾ?”

ಹೆಸರು ಕೇಳಿ ನನ್ನ ಪುಸ್ತಕ ತೆರೆದೆ. ನನ್ನದೇ ಅಕ್ಷರದಲ್ಲಿ ನಾಲ್ಕು ಕಡೆ ‘ತೊಂದರೆ ಇಲ್ಲ’ ಎಂದಿತ್ತು. ಅಕ್ಕನಿಗೆ ಓದು ಬರುತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ.

ಮರುದಿನ ಅವಳ ಪಕ್ಕದಲ್ಲಿ ಎರಡು ಗಂಟೆ ಕೂತೆ. ಮೊದಲ ಒಂದು ಗಂಟೆ ಏನೂ ಸಿಗಲಿಲ್ಲ. ಒಂದು ಕಾಯಿಲಿಗೆ ಎಷ್ಟು ಸುತ್ತು ಎಂದು ಕೇಳಿದಾಗ ತಟ್ಟನೆ ನನ್ನತ್ತ ತಿರುಗಿದಳು. ಆಮೇಲೆ ನಿಲ್ಲಿಸದೆ, ಪಿಸುದನಿಯಲ್ಲಿ ಹೇಳುತ್ತಾ ಹೋದಳು. ಮೋಟರಿನೊಳಗಿಂದ ಒಬ್ಬ ಗಂಡಸು ಅವಳ ಜೊತೆ ಎಣಿಸುತ್ತಾನೆ. ಅವಳು ತಪ್ಪಿದರೆ ಬೈಯುತ್ತಾನೆ. ಎಣಿಕೆ ನಿಂತರೆ ಊರಿನ ಟ್ರಾನ್ಸ್‌ಫಾರ್ಮರುಗಳೆಲ್ಲ ಸಿಡಿದು ಮಕ್ಕಳು ಸುಟ್ಟುಹೋಗುತ್ತಾರೆ. ಅಂದು ಸೂಪರ್‌ವೈಸರ್ ಬಂದು ಮೆಷಿನಿನ ಸ್ವಿಚ್ ಆರಿಸಿದ. ಅದಕ್ಕೇ ಹೊಡೆದಳು. ಮಕ್ಕಳನ್ನು ಉಳಿಸಿದೆ ಎಂದೇ ಅವಳು ನಂಬಿದ್ದಳು. ಜೈಲಿನಲ್ಲಿ ಮೆಷಿನ್ ಇಲ್ಲದ್ದರಿಂದ ಬೆರಳಿಗೆ ಸುತ್ತಿ ಎಣಿಕೆ ಕಾಯುತ್ತಿದ್ದಳು.

ನಮ್ಮ ಮನೋವೈದ್ಯರು ಬಂದು ನೋಡಿ ಸ್ಕಿಜೋಫ್ರೇನಿಯಾ ಎಂದರು. ತನ್ನ ಮೇಲಿನ ಆರೋಪ ಏನೆಂದು ತಿಳಿದು ಉತ್ತರ ಕೊಡುವ ಸ್ಥಿತಿಯಲ್ಲಿ ಇಲ್ಲ, ಆಸ್ಪತ್ರೆಗೆ ವರ್ಗಾಯಿಸಬೇಕು ಎಂದು ಬರೆದುಕೊಟ್ಟರು. ಅಂಥ ಕಾಗದ ಬಂದರೆ ಮ್ಯಾಜಿಸ್ಟ್ರೇಟರು ಮೊಕದ್ದಮೆಯನ್ನು ಬದಿಗಿಟ್ಟು, ಮೊದಲು ಆರೋಪಿಯ ಬುದ್ಧಿಸ್ಥಿತಿಯ ಬಗ್ಗೆಯೇ ವಿಚಾರಣೆ ನಡೆಸಬೇಕು. ಕಾಯಿಲೆ ಹೌದೆಂದು ಮನವರಿಕೆಯಾದರೆ ಜಾಮೀನುದಾರರು ಇಲ್ಲದಿದ್ದರೂ ಜೈಲಿನ ಬದಲು ಆಸ್ಪತ್ರೆಗೆ ಕಳಿಸಬಹುದು. ಕಾನೂನಿನಲ್ಲಿ ದಾರಿ ಇತ್ತು. ಹೊಡೆತದ ಹಿಂದಿನ ದಿನಗಳಲ್ಲಿ ಅವಳು ಹೇಗಿದ್ದಳು ಎಂಬುದಕ್ಕೆ ಒಂದು ಗಟ್ಟಿ ಸಾಕ್ಷಿ ಸಿಕ್ಕರೆ ಸಾಕಿತ್ತು. ಅದಕ್ಕಾಗಿ ನಾನು ಪೀಣ್ಯಕ್ಕೆ ಹೋದೆ.

ಸೂಪರ್‌ವೈಸರನನ್ನು ‘ಅವರು’ ಎಂದು ಬರೆಯಲು ಇಷ್ಟು ವರ್ಷದ ಮೇಲೂ ನನ್ನ ಕೈ ಏಳುವುದಿಲ್ಲ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗೆನ್ನೆಯಲ್ಲಿ ಸಣ್ಣ ತಗ್ಗು. ಕಾಯಿಲ್ ವಿಭಾಗದ ಮೂಲೆಯಲ್ಲಿ ಅವನ ಗಾಜಿನ ಕ್ಯಾಬಿನ್. ಕುರ್ಚಿ ಕೊಟ್ಟ, ಟೀ ತರಿಸಿದ. ಅವಳ ತಲೆ ಚೆನ್ನಾಗಿಯೇ ಇತ್ತು ಎಂದ. ಯೂನಿಯನ್ನಿನವರು ಎತ್ತಿಕಟ್ಟಿದ್ದು, ಬೇಕೆಂದೇ ಹೊಡೆದದ್ದು, ಪೊಲೀಸರಿಗೂ ಹಾಗೆಯೇ ಹೇಳಿಕೆ ಕೊಟ್ಟಿದ್ದೇನೆ ಎಂದ. ಅವಳಲ್ಲಿ ಏನೂ ವ್ಯತ್ಯಾಸ ಕಂಡಿರಲಿಲ್ಲವೇ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದ.

“ಹುಚ್ಚಿ ಅಂತ ಒಂದ್ ಸರ್ಟಿಫಿಕೇಟ್ ತಂದ್ಬಿಟ್ರೆ ಎಲ್ಲ ಮಾಫಾ ಮೇಡಂ?” ಎಂದು ನಕ್ಕ. “ನಿಮ್ ಆಸ್ಪತ್ರೇಲಿ ಊಟ, ಹಾಸಿಗೆ ಎಲ್ಲಾ ಫ್ರೀ. ಅಲ್ಲಿರೋದು ಜೈಲಲ್ಲಿ ಇರೋದಕ್ಕಿಂತ ಸುಖ. ಇರ್ಲಿ ಬಿಡಿ, ಜೈಲಲ್ಲೇ ಬುದ್ಧಿ ಕಲೀಲಿ.”

ಹೊರಗೆ ಬರುವಾಗ ಗೇಟಿನ ಬಳಿ ಕಾಯಿಲ್ ವಿಭಾಗದ ಹೆಂಗಸೊಬ್ಬಳು ನನ್ನನ್ನು ದಾಟಿಕೊಂಡು ಹೋಗುತ್ತಾ, ಮುಖ ತಿರುಗಿಸದೆಯೇ, ಕಾರ್ಮಿಕರ ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ಕೇಳಿ, ಸೂಪರ್‌ವೈಸರೇ ಅವಳನ್ನು ಅಲ್ಲಿಗೆ ಕಳಿಸಿದ್ದು ಎಂದು ಹೇಳಿದಳು.

ಡಿಸ್ಪೆನ್ಸರಿ ಕಾಲು ಮೈಲಿಯೂ ಇರಲಿಲ್ಲ. ಅಲ್ಲಿನ ಡಾಕ್ಟರು ನಮ್ಮ ಆಸ್ಪತ್ರೆಯ ಪತ್ರ ನೋಡಿ ಅವಳ ಫೈಲು ತೆಗೆಸಿದರು. ಒಳಗೆ ಮೂರು ಚೀಟಿಗಳಿದ್ದವು. ಕಾರ್ಖಾನೆಯ ಮುದ್ರೆ, ಸೂಪರ್‌ವೈಸರನ ಕೈಬರಹ, ಅವನ ಸಹಿ. ಮೊದಲನೆಯದರಲ್ಲಿ ತಲೆನೋವು, ನಿದ್ದೆ ಇಲ್ಲ ಎಂದಿತ್ತು. ಎರಡನೆಯದರಲ್ಲಿ ಕೆಲಸದಲ್ಲಿ ಗಮನವಿಲ್ಲ, ಒಬ್ಬಳೇ ನಗುತ್ತಾಳೆ ಎಂದಿತ್ತು. ಮೂರನೆಯದನ್ನು ನಾನು ಈಗಲೂ ಬಾಯಿಪಾಠ ಹೇಳಬಲ್ಲೆ: ‘ಮೆಷಿನ್ ಜೊತೆ ಮಾತಾಡುತ್ತಾಳೆ. ಊಟ ಬಿಟ್ಟಿದ್ದಾಳೆ. ಬುದ್ಧಿ ಸ್ಥಿಮಿತದಲ್ಲಿ ಇರುವಂತೆ ಕಾಣುವುದಿಲ್ಲ. ದಯವಿಟ್ಟು ಪರೀಕ್ಷಿಸಿ.’ ಅದರ ಕೆಳಗೆ ಡಾಕ್ಟರ ಉತ್ತರದ ನಕಲಿತ್ತು. ಮೆಷಿನಿನ ಮೇಲೆ ಕೂರಿಸಬೇಡಿ, ಇಂದೇ ರಜೆ ಕೊಟ್ಟು ಮಾನಸಿಕ ಆಸ್ಪತ್ರೆಗೆ ಕಳಿಸಿ. ಮೂಲ ಪತ್ರ ತಲುಪಿದ್ದಕ್ಕೆ ಅವನು ಸಹಿ ಹಾಕಿ, ಪಕ್ಕದಲ್ಲಿ ಬರೆದಿದ್ದ: ‘ಈಗಿನ ಆರ್ಡರ್ ಮುಗಿದ ಮೇಲೆ ರಜೆ.’ ಹೊಡೆತ ಬಿದ್ದದ್ದು ಅದಾಗಿ ನಾಲ್ಕನೇ ದಿನ.

ಅವನಿಗೆ ಎಲ್ಲ ಗೊತ್ತಿತ್ತು. ಅವಳಿಗೆ ಕಾಯಿಲೆ ಎಂದು ಒಪ್ಪಿಕೊಂಡರೆ, ಗೊತ್ತಿದ್ದೂ ಯಾಕೆ ಕೂರಿಸಿದೆ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೇ ಅವಳ ತಲೆ ಚೆನ್ನಾಗಿದೆ ಎಂದು ಹೇಳಿ, ಹನ್ನೊಂದು ತಿಂಗಳು ಟೀ ಕುಡಿದುಕೊಂಡು ಆರಾಮವಾಗಿದ್ದ. ಡಾಕ್ಟರು ನಕಲುಗಳಿಗೆ ಸಹಿ, ಮುದ್ರೆ ಹಾಕಿಕೊಟ್ಟರು. ಬಸ್ಸಿನಲ್ಲಿ ಯಶವಂತಪುರ ದಾಟುವವರೆಗೆ ನನ್ನ ತಲೆಯಲ್ಲಿ ಆ ಹೆಂಗಸು ಒಂದು ಸಲವೂ ಸುಳಿಯಲಿಲ್ಲ. ಅವನು ಕಟಕಟೆಯಲ್ಲಿ ನಿಂತು ಬೆವರುವುದಷ್ಟೇ ಕಾಣುತ್ತಿತ್ತು. ಬೆವರಿಸಬೇಕಾದವಳು ನಾನೇ ಎಂದು ತೀರ್ಮಾನಿಸಿದ್ದೆ. ನನ್ನ ಪುಸ್ತಕದ ಆ ನಾಲ್ಕು ಸಾಲುಗಳನ್ನು ಅಳಿಸಲು ನನಗೂ ಒಬ್ಬ ಅಪರಾಧಿ ಬೇಕಾಗಿದ್ದ. ಇದು ಹೊಳೆದದ್ದು ಬಹಳ ತಡವಾಗಿ.

ಬಡವರಿಗೆ ಉಚಿತವಾಗಿ ವಾದಿಸುತ್ತಿದ್ದ ಹಿರಿಯ ವಕೀಲರೊಬ್ಬರು ಕೇಸನ್ನು ಕೈಗೆತ್ತಿಕೊಂಡರು. ಚೀಟಿಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ನೋಡಮ್ಮ, ಇದನ್ನ ಅರ್ಜಿ ಜೊತೆನೇ ಹಾಕಿದ್ರೆ ಹುಡುಗಿ ಒಂದು ವಾರದಲ್ಲಿ ಆಸ್ಪತ್ರೇಲಿರ್ತಾಳೆ,” ಎಂದರು. “ಆದ್ರೆ ಅವನಿಗೆ ವಿಷಯ ಗೊತ್ತಾಗೋಗತ್ತೆ. ಏನೋ ಒಂದು ಸಬೂಬು ತಯಾರು ಮಾಡ್ಕೊಂಡೇ ಬರ್ತಾನೆ.”

ಹಾಕದಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಜೈಲಿನ ವೈದ್ಯರು ಸಹಜ ಎಂದಿದ್ದಾರೆ, ನಮ್ಮ ಮನೋವೈದ್ಯರು ಅಲ್ಲ ಎಂದಿದ್ದಾರೆ. ಹಾಗಾಗಿ ದಿನವೂ ಅವಳನ್ನು ನೋಡುತ್ತಿದ್ದ ಸೂಪರ್‌ವೈಸರನನ್ನು ಮ್ಯಾಜಿಸ್ಟ್ರೇಟರು ಕರೆಸಿ ಕೇಳುತ್ತಾರೆ. ಅವನು ಪ್ರಮಾಣ ಮಾಡಿ ಸುಳ್ಳು ಹೇಳಿದ ಮೇಲೆ ಚೀಟಿ ತೆಗೆದರೆ ಸುಳ್ಳು ಸಾಕ್ಷಿಯ ಕೇಸು ಅವನ ಮೇಲೆಯೇ ಬೀಳುತ್ತದೆ. ವಕೀಲರು ಇಷ್ಟು ಹೇಳಿ, ತಮ್ಮ ಮನಸ್ಸಿಗೆ ಇದು ಸರಿಕಾಣುವುದಿಲ್ಲ, ಆದರೆ ಕಾಗದ ನಿಮ್ಮ ಕೈಯಲ್ಲಿದೆ ಎಂದರು. ನಾನು ಅಕ್ಕನನ್ನು ಕೇಳಿದೆ. ಒಂದೆರಡು ವಾರ ತಡವಾದೀತು ಎಂದೆ. ಅವಳಿಗೂ ಅವನು ಬೇಕಾಗಿದ್ದ. “ಅವ್ನು ಅಲ್ಲಿ ನಿಂತ್ಕಂಡು ನಡುಗ್ಬೇಕು ಕಣವ್ವ,” ಎಂದಳು. ನಮ್ಮಿಬ್ಬರಿಗೂ ಒಪ್ಪಿಗೆಯಾಯಿತು. ಚೀಟಿಗಳನ್ನು ನನ್ನ ಬ್ಯಾಗಿನಲ್ಲಿಯೇ ಇಟ್ಟುಕೊಂಡೆ.

ಮೊದಲ ತಾರೀಖಿಗೆ ಅವನು ಬರಲಿಲ್ಲ, ಜ್ವರ ಎಂಬ ವೈದ್ಯರ ಚೀಟಿ ಬಂತು. ಎರಡು ವಾರ ಮುಂದೆ ಹೋಯಿತು. ಎರಡನೇ ತಾರೀಖಿಗೆ ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದರು. ಮತ್ತೆ ಎರಡು ವಾರ. ಮೂರನೆಯದಕ್ಕೆ ಅವನು ಕಾರ್ಖಾನೆಯ ಕೆಲಸದ ಮೇಲೆ ಮದರಾಸಿಗೆ ಹೋಗಿದ್ದ. ಪ್ರತಿ ಸಲವೂ ವಕೀಲರು ನನ್ನತ್ತ ನೋಡುತ್ತಿದ್ದರು, ನಾನು ಇನ್ನೊಂದು ಸಲ ನೋಡೋಣ ಎನ್ನುತ್ತಿದ್ದೆ. ಈ ನಡುವೆ ನಮ್ಮ ಆಸ್ಪತ್ರೆಯಿಂದ ಮಾತ್ರೆಗಳನ್ನು ಜೈಲಿಗೆ ತಲುಪಿಸಿದೆ. ಜೈಲಿನ ವೈದ್ಯರು ಬರೆಯದ ಮಾತ್ರೆ ಕೊಡುವಂತಿಲ್ಲ ಎಂದು ಅವು ಕಪಾಟಿನಲ್ಲಿಯೇ ಉಳಿದವು. ಅವಳು ಸುತ್ತುತ್ತಲೇ ಇದ್ದಳು. ನಾನು ಅದನ್ನು ನೋಡುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ. ಆದರೆ ಮನಸ್ಸು ಮುಂದಿನ ತಾರೀಖಿನ ಮೇಲಿತ್ತು. ಅವನಿಗೆ ಪಾಟೀಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಬರೆದು ವಕೀಲರಿಗೆ ಕೊಟ್ಟಿದ್ದೆ, ತಿದ್ದಿ ಮತ್ತೆ ಕೊಟ್ಟಿದ್ದೆ.

ಆರನೇ ವಾರದ ಮಂಗಳವಾರ ಹೋದಾಗ ಕಿಟಕಿಯ ಕೆಳಗೆ ಅವಳಿರಲಿಲ್ಲ. ಜೈಲಿನ ಸಣ್ಣ ದವಾಖಾನೆಯಲ್ಲಿ ಮಲಗಿಸಿದ್ದರು. ಎಡಗೈಗೆ ದಪ್ಪ ಬ್ಯಾಂಡೇಜು. ತೋರುಬೆರಳಿಗೆ ಸುತ್ತಿದ ಎಳೆಯನ್ನು ಈ ಸಲ ಅವಳು ಬಿಚ್ಚಿರಲಿಲ್ಲ. ಎರಡು ದಿನ ಹಾಗೆಯೇ ಬಿಗಿದಿಟ್ಟುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ವಾರ್ಡರ್ ಹೆಂಗಸು ನೋಡುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ದೊಡ್ಡಾಸ್ಪತ್ರೆಗೆ ಕರೆದೊಯ್ದು ಮೊದಲ ಗೆಣ್ಣಿನವರೆಗೆ ತೆಗೆದಿದ್ದರು.

ನಾನು ಪಕ್ಕದಲ್ಲಿ ಕೂತೆ. ಅವಳು ಎಣಿಸುತ್ತಿರಲಿಲ್ಲ. ನೋವಿಗೋ, ಕೊಟ್ಟಿದ್ದ ಔಷಧಿಗೋ, ಆ ಅರ್ಧ ಗಂಟೆ ಅವಳ ಮಾತು ನಿಚ್ಚಳವಾಗಿತ್ತು.

“ಅಕ್ಕ, ನಂಗೆ ಉಸಾರಿಲ್ಲ ಅಂತ ಯಾರಾದ್ರೂ ಬರ್ದು ಕೊಟ್ರೆ ಇಲ್ಲಿಂದ ಬಿಡ್ತಾರಂತೆ. ಯಾರೂ ಬರ್ದಿಲ್ವಾ?”

ನನ್ನ ಬ್ಯಾಗು ನನ್ನ ತೊಡೆಯ ಮೇಲಿತ್ತು. ಬರೆದಿದ್ದಾರೆ ಎಂದೆ.

ಜೈಲಿನಿಂದ ನೇರವಾಗಿ ವಕೀಲರ ಮನೆಗೆ ಹೋದೆ. ಮೂರೂ ಚೀಟಿಗಳನ್ನು ಮೇಜಿನ ಮೇಲಿಟ್ಟು, ನಾಳೆಯೇ ಹಾಕಿ ಎಂದೆ. ಅವರು ಆಗಲೇ ಮೆಮೊ ಬರೆಯಲು ಕೂತರು. ಮರುದಿನ ಬೆಳಿಗ್ಗೆ ಮ್ಯಾಜಿಸ್ಟ್ರೇಟರು ಮೂರನೇ ಚೀಟಿಯನ್ನು ಗಟ್ಟಿಯಾಗಿ ಓದಿದರು. ಇದು ಎಷ್ಟು ದಿನದಿಂದ ನಿಮ್ಮ ಬಳಿ ಇತ್ತು ಎಂದು ಕೇಳಿದರು. ವಕೀಲರು ನನ್ನನ್ನು ಕಾಪಾಡಲು ಬಾಯಿ ತೆರೆಯುವ ಮೊದಲೇ ನಾನು ಎದ್ದು ಆರು ವಾರ ಎಂದೆ. ಮ್ಯಾಜಿಸ್ಟ್ರೇಟರು ತಲೆ ತಗ್ಗಿಸಿ ಆದೇಶ ಬರೆಸಿದರು. ಮೊಕದ್ದಮೆಗೆ ತಡೆ; ಆರೋಪಿಯನ್ನು ಚಿಕಿತ್ಸೆಗಾಗಿ ಮಾನಸಿಕ ಆಸ್ಪತ್ರೆಯಲ್ಲಿ ಇರಿಸುವುದು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಜೈಲಿನಿಂದ ಆಸ್ಪತ್ರೆಗೆ ಕರೆತರಲು ಮಹಿಳಾ ಪೇದೆ ಬೇಕಿತ್ತು. ಯಾವುದೋ ಬಂದೋಬಸ್ತಿಗೆ ಹೋಗಿದ್ದಾರೆ, ಎರಡು ದಿನ ಬಿಟ್ಟು ಬನ್ನಿ ಎಂದರು ಠಾಣೆಯಲ್ಲಿ. ಆದೇಶದ ಪ್ರತಿ ಹಿಡಿದು ಇನ್‌ಸ್ಪೆಕ್ಟರರ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತೆ. ಒಂದಿಡೀ ದಿನ ಕೂತೆ. ಸಂಜೆ ನಾಲ್ಕಕ್ಕೆ ನನ್ನನ್ನು ಎಬ್ಬಿಸಲೆಂದೇ ಒಬ್ಬ ಮಹಿಳಾ ಪೇದೆಯನ್ನೂ ಜೀಪನ್ನೂ ಕೊಟ್ಟರು.

ಆಸ್ಪತ್ರೆಯಲ್ಲಿ ಮೊದಲ ವಾರ ಅವಳು ಬರೀ ನಿದ್ದೆ ಮಾಡಿದಳು. ಮೂರನೇ ವಾರಕ್ಕೆ ಮೋಟರಿನ ಗಂಡಸಿನ ದನಿ ದೂರವಾಯಿತು, ಎರಡು ತಿಂಗಳಿಗೆ ನಿಂತಿತು. ಮಾತ್ರೆಯಿಂದ ಕೈಕಾಲು ಬಿಗಿದು ನಡೆಯಲು ಕಷ್ಟವಾಯಿತು, ಅದಕ್ಕೆ ಬೇರೆ ಮಾತ್ರೆ ಸೇರಿಸಿದರು. ಆಮೇಲೆ ಹದಿನೈದು ದಿನಕ್ಕೊಂದು ಇಂಜೆಕ್ಷನ್ ಸಾಕಾಯಿತು. ಹೇಳಿದ್ದನ್ನು ಅವಳು ಈಗ ಅರ್ಥಮಾಡಿಕೊಂಡು ತಾಳಿಕೊಳ್ಳಬಲ್ಲಳು ಎಂದು ಮನೋವೈದ್ಯರು ಹೇಳಿದ ಮೇಲೆ ನಾನು ಚೀಟಿಗಳ ವಿಷಯವನ್ನು ಅವಳ ಅಕ್ಕನ ಎದುರಿಗೇ ಅವಳಿಗೆ ಹೇಳಿದೆ. ನಾಲ್ಕು ಮಂಗಳವಾರದ ವಿಷಯವನ್ನೂ ಹೇಳಿದೆ. ಅಕ್ಕ ಅತ್ತಳು. ತಂಗಿ ಅಳಲಿಲ್ಲ.

“ಅವನ್ ಮೇಲಿನ ಸಿಟ್ಟು ನನ್ ಬೆರಳಿಗೆ ಯಾಕ್ ಬಂತು ಅಕ್ಕ?” ಎಂದು ನನ್ನನ್ನು ಕೇಳಿದಳು.

ಎರಡು ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೂ ಮೊದಲಿನ ಸಲಿಗೆ ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕೂ ನನಗಿರಲಿಲ್ಲ.

ಗುಣವಾಗಿದ್ದಾಳೆ ಎಂಬ ವರದಿ ಹೋದ ಮೇಲೆ ಮೊಕದ್ದಮೆ ಮತ್ತೆ ಶುರುವಾಯಿತು. ಅವನು ಕೊನೆಗೂ ಕಟಕಟೆಗೆ ಬಂದ. ವಕೀಲರು ಹೇಳಿದ್ದಂತೆಯೇ ಸಬೂಬು ಸಿದ್ಧವಾಗಿತ್ತು. ತಾನು ಡಾಕ್ಟರಲ್ಲ, ಕನಿಕರದಿಂದ ಚೀಟಿ ಬರೆದಿದ್ದೆ, ಆಮೇಲೆ ಮರೆತುಹೋಯಿತು ಎಂದ. ಬೆವರಲಿಲ್ಲ. ನಾನು ಬರೆದುಕೊಟ್ಟಿದ್ದ ಪ್ರಶ್ನೆಗಳಲ್ಲಿ ಅರ್ಧ ಕೆಲಸಕ್ಕೇ ಬರಲಿಲ್ಲ. ಕೃತ್ಯದ ಹೊತ್ತಿಗೆ ಅವಳ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಎಂದು ಮ್ಯಾಜಿಸ್ಟ್ರೇಟರು ಅವಳನ್ನು ಖುಲಾಸೆ ಮಾಡಿದರು. ನೋಡಿಕೊಳ್ಳುವವರು ಭದ್ರತೆ ಕೊಟ್ಟರೆ ಮಾತ್ರ ಅವಳನ್ನು ಮನೆಗೆ ಬಿಡುವಂತಿತ್ತು; ಅಕ್ಕನ ಗಂಡ ಹೊಲದ ಪಹಣಿ ತಂದು ಜವಾಬ್ದಾರಿ ಹೊತ್ತ. ಸೂಪರ್‌ವೈಸರನ ಬಗ್ಗೆ ತೀರ್ಪಿನಲ್ಲಿ ಒಂದೇ ಒಂದು ಮಾತಿತ್ತು, ವೈದ್ಯರ ಸಲಹೆಯನ್ನು ಕಡೆಗಣಿಸಿದ್ದು ವಿಷಾದನೀಯ ಎಂದು. ಅವನು ಅಂಗಿಯ ತೋಳು ಸರಿಪಡಿಸಿಕೊಂಡು ಮೆಟ್ಟಿಲಿಳಿದು ಹೋದ. ಹಿಂದೆಯೇ ಓಡಿಹೋಗಿ ಏನಾದರೂ ಅನ್ನಬೇಕು ಎನಿಸಿತ್ತು. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ನನ್ನನ್ನು ತಡೆಯಲೋ ತನ್ನನ್ನು ತಡೆದುಕೊಳ್ಳಲೋ ತಿಳಿಯದು.

ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕಂಪನಿಯೊಳಗೆ ವಿಚಾರಣೆ ನಡೆಸದೆ ಅವಳನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಕಂಪನಿ ಸಸ್ಪೆಂಡ್ ಮಾಡಿಟ್ಟು ಮರೆತುಬಿಟ್ಟಿತ್ತು. ಕಾಗದದ ಮೇಲೆ ಅವಳು ಇನ್ನೂ ಅಲ್ಲಿಯ ಕೆಲಸಗಾರ್ತಿಯೇ. ತೀರ್ಪಿನ ಪ್ರತಿ ಹಿಡಿದುಕೊಂಡು ನಾವು ಕಾರ್ಮಿಕ ಇಲಾಖೆಯ ಅಧಿಕಾರಿಯ ಬಳಿ ಹೋದೆವು. ಕಂಪನಿಯವರು ಒಂದು ದಾರಿ ತೋರಿಸಿದರು. ಹೊಸೂರು ರಸ್ತೆಯ ಕಡೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವರ ಹೊಸ ಘಟಕ ಬರುತ್ತಿತ್ತು. ಅಲ್ಲಿ ಪ್ಯಾಕಿಂಗ್ ಕೆಲಸ ಕೊಡುತ್ತೇವೆ, ಹಳೆಯದನ್ನು ಮರೆತುಬಿಡಿ ಎಂದರು. ನನಗೂ ಅದೇ ಸರಿ ಎನಿಸಿತು. ಅವನ ಕಣ್ಣೆದುರು, ಅದೇ ಶಬ್ದದ ನಡುವೆ ಕೂತರೆ ಕಾಯಿಲೆ ಮರುಕಳಿಸಬಹುದು. ಅವಳನ್ನು ಹೊರಗೆ ವರಾಂಡಕ್ಕೆ ಕರೆದು ಇದನ್ನೆಲ್ಲ ಬಿಡಿಸಿ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು.

“ನಿಮ್ ಸೇಡು ನೀವು ತೀರಿಸ್ಕಳಕ್ ಓಗಿ ನಂಗಿಂಗಾಯ್ತು,” ಎಂದಳು. ದನಿ ಏರಿರಲಿಲ್ಲ. “ನಂದು ನಾನು ತೀರಿಸ್ಕತೀನಿ. ಇಂಜೆಕ್ಸನ್ ತಪ್ಸಲ್ಲ. ಆದ್ರೆ ನಂಗೆ ಅದೇ ಜಾಗ ಬೇಕು.”

ಒಳಗೆ ಹೋಗಿ ಅಧಿಕಾರಿಗೂ ಅದನ್ನೇ ಹೇಳಿದಳು. ಸೂಪರ್‌ವೈಸರ್ ಕಂಪನಿಯವರ ಜೊತೆ ಅಧಿಕಾರಿಯ ಮೇಜಿನ ಇನ್ನೊಂದು ಬದಿಯಲ್ಲಿದ್ದ. ಕಂಪನಿಯ ಮ್ಯಾನೇಜರು ಅವನ ಮುಖ ನೋಡಿದರು. ಅವನು ಫೈಲಿನ ದಾರವನ್ನು ಬಿಚ್ಚಿ ಕಟ್ಟುತ್ತಿದ್ದ. ಮೆಷಿನಿನ ಮೇಲೆ ಕೂರಿಸಬಾರದು, ಕಾಯಿಲ್ ಪರೀಕ್ಷೆಯ ಮೇಜು ಕೊಡಬೇಕು, ಇಂಜೆಕ್ಷನ್ ದಿನ ರಜೆ ಕೊಡಬೇಕು ಎಂದು ನಮ್ಮ ಮನೋವೈದ್ಯರು ಬರೆದುಕೊಟ್ಟಿದ್ದನ್ನು ಅಧಿಕಾರಿ ಒಪ್ಪಂದಕ್ಕೆ ಸೇರಿಸಿದರು. ಪರೀಕ್ಷೆಯ ಮೇಜು ಇದ್ದದ್ದು ಗಾಜಿನ ಕ್ಯಾಬಿನ್ನಿನ ಎದುರಿಗೆ, ಹತ್ತು ಅಡಿ ದೂರದಲ್ಲಿ.

ಮೊದಲ ತಿಂಗಳು ನಾನು ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ ನಿದ್ದೆ, ಊಟ, ಮಾತು ಎಲ್ಲ ವಿಚಾರಿಸುತ್ತಿದ್ದೆ. ಚೆನ್ನಾಗಿದ್ದಳು. ಕಾರ್ಖಾನೆಯ ವಿಷಯ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಐದನೇ ತಿಂಗಳಿನಲ್ಲಿ ಇಂಜೆಕ್ಷನ್ನಿಗೆ ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ತಾನಾಗಿ ಬಂದದ್ದು ಅದೇ ಮೊದಲು. ಸೂಪರ್‌ವೈಸರ್ ಹೋದ ಎಂದಳು. ಎಲೆಕ್ಟ್ರಾನಿಕ್ ಸಿಟಿಯ ಘಟಕಕ್ಕೆ ತಾನೇ ಬರೆದುಕೊಟ್ಟು, ಚಿಕ್ಕ ಹುದ್ದೆಯಾದರೂ ಪರವಾಗಿಲ್ಲ ಎಂದು ಕೇಳಿಕೊಂಡು ಹೋದನಂತೆ. ಅದಕ್ಕೂ ಮೊದಲು ಕ್ಯಾಬಿನ್ನಿನ ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿಕೊಂಡಿದ್ದನಂತೆ. ಬಾಗಿಲು ತೆರೆದು ಹೊರಗೆ ಬರುವುದೇ ಕಡಿಮೆಯಾಗಿತ್ತಂತೆ.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಂಥ ಸಂತೋಷ ಆ ಕೆಲಸದಲ್ಲಿ ನನಗೆ ಮತ್ತೆ ಸಿಗಲಿಲ್ಲ. ಅವನಿಗೆ ನೀನು ಏನು ಮಾಡಿದೆ ಎಂದು ಕೇಳಿದೆ. ಕೇಳುವಾಗ ಸ್ವಲ್ಪ ಭಯವೂ ಇತ್ತು.

“ಏನೂ ಮಾಡ್ನಿಲ್ಲ ಅಕ್ಕ,” ಎಂದಳು. “ದಿನಾ ಬೆಳಿಗ್ಗೆ ಕ್ಯಾಬಿನ್ ಬಾಗ್ಲಿಗೋಗಿ ನಮಸ್ಕಾರ ಸಾರ್ ಅಂತಿದ್ದೆ. ಅವ್ರು ತಿರುಗಿ ನಮಸ್ಕಾರ ಅನ್ನೋಗಂಟ ನಿಂತಿರ್ತಿದ್ದೆ.”